ಮುಂಗಡ ಶ್ರದ್ಧಾಂಜಲಿ

ಮಾರ್ಚ್ 3, 2024. ಭಾನುವಾರ. ಬೆಳಿಗ್ಗೆ 6.40

ಹಾಲಿನವನು ತೆಲುಗಿನಲ್ಲಿ "ಪಾಲಮ್ಮಾ" ಎಂದು ಕೂಗಿ ಹೋದ. ಅತ್ತೆ ಸ್ನಾನಕ್ಕೆ. ಅಮೋಲ್ ಇನ್ನೂ ಎದ್ದಿಲ್ಲ. ಇಪ್ಪತ್ತು ನಿಮಿಷ ನನ್ನದು.

ಕೆಂಪು ಮೆಣಸಿನ ಚಟ್ನಿಯ ಹೆಸರಿಟ್ಟ ನನ್ನ ವೆಬ್‌ಸೈಟ್ 'ರಂಜಕ'ಕ್ಕೆ ಹೊಸದು ಹಾಕಿದೆ. ಈ ಸಲದ ಮುಂಗಡ ಶ್ರದ್ಧಾಂಜಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ಬಸವಲಿಂಗಪ್ಪನವರಿಗೆ. ಹೆಸರು ಹಾಕಿಲ್ಲ. ಯಾರದ್ದೂ ಹಾಕುವುದಿಲ್ಲ. ಆದರೂ ಸನತ್‌ನಗರದಿಂದ ಮಣಿಕೊಂಡದವರೆಗೆ ಕನ್ನಡದವರಿಗೆಲ್ಲ ಗೊತ್ತಾಗುತ್ತದೆ. "ನಾಲ್ಕೇ ಮಾತು ಎಂದು ಮೈಕು ಹಿಡಿದ ಅಧ್ಯಕ್ಷರು ಐವತ್ತನೆಯ ನಿಮಿಷದಲ್ಲಿ ಕೊನೆಯುಸಿರೆಳೆದರು. ಸಭಿಕರು ಅದಕ್ಕೂ ಮೊದಲೇ ಎಳೆದಿದ್ದರು." ಕೊನೆಗೆ ಎಂದಿನ ಸಾಲು: ಮೃತರು ಸದ್ಯ ಆರೋಗ್ಯವಾಗಿದ್ದಾರೆ.

ಸತ್ತ ಮೇಲೆ ಎಲ್ಲರೂ ಹೊಗಳುತ್ತಾರೆ, ನಿಜವನ್ನು ಇದ್ದಾಗಲೇ ಹೇಳಬೇಕು — ವೆಬ್‌ಸೈಟಿನ ತಲೆಯ ಮೇಲೆ ಇದನ್ನೇ ಬರೆದಿದ್ದೇನೆ. ಕೆಳಗೆ ಸಹಿ, ಉರಿಯಪ್ಪ. ಮೂರು ವರ್ಷವಾಯಿತು. ಉರಿಯಪ್ಪ ರಿಟೈರ್ ಆದ ಗಂಡಸು, ಕುಡಿಯುತ್ತಾನೆ, ಹೆಂಡತಿ ಬಿಟ್ಟು ಹೋಗಿದ್ದಾಳೆ ಎಂದೆಲ್ಲ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಅಬಿಡ್ಸ್‌ನ ಕಾಲೇಜು ಲೈಬ್ರರಿಯಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುವ ಪ್ರಿಯಂವದಾಬಾಯಿ ಎಂಬ ನನ್ನ ಮೇಲೆ ಯಾರ ಕಣ್ಣೂ ಇಲ್ಲ.

ಅದೇ ದಿನ, ಸಂಜೆ 7

ಸಂಘದ ತುರ್ತು ಸಭೆ. ಬಸವಲಿಂಗಪ್ಪ ಕೆಂಪಗಾಗಿದ್ದರು.

"ಇದ್ದಾಗನ ಸಾಯಸ್ತಾನಂದ್ರ ಎಂಥಾ ಮನಷ್ಯಾ ಇರಬೇಕ್ರೀ ಅವ! ಇದು ನಗೂ ಮಾತ ಐತೇನ್ರೀ? ಹುಡಕ್ರಿ ಅವನ್ನ!"

ಐವತ್ತೆರಡು ನಿಮಿಷ ಮಾತಾಡಿದರು. ಗಡಿಯಾರ ನೋಡುತ್ತಿದ್ದೆ. ಕೊನೆಗೆ ಪತ್ತೆ ಸಮಿತಿ ಮಾಡಿದರು. ಸಂಚಾಲಕ — ನನ್ನ ಗಂಡ! ಅಮೋಲ್ ಡಿಫೆನ್ಸ್ ಯೂನಿಟ್ಟಿನಲ್ಲಿ ಕ್ವಾಲಿಟಿ ಸೆಕ್ಷನ್, ಕೂದಲೆಳೆಯಷ್ಟು ಬಿರುಕನ್ನೂ ಹುಡುಕುವವರು, ಅವರೇ ಸೈ ಅಂದರು ಎಲ್ಲರೂ. ನಾನೂ ಚಪ್ಪಾಳೆ ಹೊಡೆದೆ. ಹೊಡೆಯದಿದ್ದರೆ ಕಾಣುತ್ತಿತ್ತಲ್ಲ.

ಮನೆಗೆ ಬಂದವರೇ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ಮಾಡಿದರು. ಹದಿನಾಲ್ಕು ಸಂಶಯಿತರು.

"ಒಬ್ಬ ಹೆಣ್ಣಮಗಳೂ ಇಲ್ಲಲ್ರೀ?" ಎಂದೆ.

"ಹೆಣ್ಣಮಕ್ಕಳಿಗೆ ಇಷ್ಟ ಖಾರ ಎಲ್ಲಿ ಬರತದ, ಬಿಡು."

ಮೈ ಉರಿಯಿತು. ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಮಾರ್ಚ್ 5. ಮಂಗಳವಾರ. ಲೈಬ್ರರಿ, ಊಟದ ಹೊತ್ತು

ನಿಜವಾಗಿ ಹೆದರಿಕೆ ಇರುವುದು ಬಸವಲಿಂಗಪ್ಪನವರದ್ದಲ್ಲ. ಸಂಘದಿಂದ ಹೊರಗೆ ಹಾಕಿದರೆ ಭಾಷಣ ತಪ್ಪುತ್ತದೆ, ಅಷ್ಟೇ. ಹೆದರಿಕೆ ತೊಂಬತ್ತೆರಡನೆಯ ಶ್ರದ್ಧಾಂಜಲಿಯದ್ದು.

ಎರಡು ವರ್ಷದ ಹಿಂದೆ ಬರೆದದ್ದು. 'ಶ್ರೀ ನೋಡೋಣ ಅವರು ಇನ್ನಿಲ್ಲ.' ಯಾವುದಕ್ಕೂ ನೋಡೋಣ ಅನ್ನುವ ಗಂಡಸು. ನಲ್ಲಿ ಸೋರಿದರೆ ನೋಡೋಣ, ಪ್ರಮೋಷನ್ ಬಂದರೆ ನೋಡೋಣ. ಯಮದೂತರು ಹೊರಡೋಣವೇ ಎಂದಾಗಲೂ ಅದನ್ನೇ ಅಂದರು, ಯಮದೂತರು ಇನ್ನೂ ಹಾಲ್‌ನಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೆ. ಎಲ್ಲರೂ ನಕ್ಕರು. ಅಮೋಲ್ ನನಗೇ ಓದಿ ಹೇಳಿ ನಕ್ಕರು. "ಇದು ನಮ್ಮ ಶಿವಪ್ರಕಾಶನ ನೋಡು, ಥೇಟ್ ಅವನ" ಎಂದರು. ಶಿವಪ್ರಕಾಶ ಅವರ ಇಂಜಿನಿಯರಿಂಗ್ ಕಾಲದ ಗೆಳೆಯ.

ಅದರಲ್ಲೊಂದು ಸಾಲು ತಮಾಷೆಯದ್ದಲ್ಲ. "ಹೆಂಡತಿ ಒಮ್ಮೆ ಚೀಲ ಹಿಡಿದು ಅತ್ತಳು. ಆಗಲೂ ಮೃತರು ನೋಡೋಣ ಅಂದರು." ಅದು ಬೀದರಿನಲ್ಲಿ ನಮ್ಮಪ್ಪ ಆಸ್ಪತ್ರೆಯಲ್ಲಿದ್ದ ದಿನ. ಇಲ್ಲಿಂದ ಮೂರೂವರೆ ತಾಸಿನ ದಾರಿ. ಇವತ್ತು ಬ್ಯಾಡ, ನಾಳೆ ಆಡಿಟ್ ಮುಗಿಸಿ ನೋಡೂಣು ಎಂದರು ಅಮೋಲ್. ನಾನು ಒಬ್ಬಳೇ ಹೊರಡಬಹುದಿತ್ತು. ಹೊರಡಲಿಲ್ಲ. ಮರುದಿನ ಹೋದಾಗ ಅಪ್ಪನ ಕಾಲಿನ ಹೆಬ್ಬೆರಳು ಕಟ್ಟಿಯಾಗಿತ್ತು.

ಬಾಯಿಬಿಟ್ಟು ಅವರಿಗೆ ಏನೂ ಅನ್ನಲಿಲ್ಲ. ಉರಿಯಪ್ಪನ ಕೈಲಿ ಅನ್ನಿಸಿದೆ. ಉರಿಯಪ್ಪ ಯಾರೆಂದು ಅಮೋಲ್‌ಗೆ ಗೊತ್ತಾದ ದಿನ ಆ ಸಾಲೂ ಗೊತ್ತಾಗುತ್ತದೆ. ಊರ ಮುಂದೆ ನಗಿಸಿ ಅದರೊಳಗೆ ಚುಚ್ಚಿದ್ದನ್ನು ಯಾವ ಗಂಡ ಕ್ಷಮಿಸುತ್ತಾನೆ?

ಮಾರ್ಚ್ 12. ಮಂಗಳವಾರ

ಪತ್ತೆ ಸಮಿತಿ ಚುರುಕಾಗಿದೆ. ಸಂಶಯಿತರು ಹದಿನಾಲ್ಕರಿಂದ ಐದಕ್ಕೆ ಇಳಿದಿದ್ದಾರೆ.

"ಇವ ಓದಿಕೊಂಡವ ಇದ್ದಾನ. ಪುಸ್ತಕದ ನಡುವ ಇರತಾನ. ಮತ್ತ ಇವನ ಬರಹ ಯಾವಾಗಲೂ ಮುಂಜಾನೆ ಏಳರ ಒಳಗ ಬರತದ," ಎಂದರು ಅಮೋಲ್.

"ಹೌದೇನ್ರಿ," ಎಂದೆ. ರೊಟ್ಟಿ ಕರಕಾಯಿತು.

ತೊಂಬತ್ತೆರಡನೆಯದನ್ನು ಅಳಿಸಿಬಿಡೋಣ ಅಂತ ಲೈಬ್ರರಿಯಲ್ಲಿ ತೆರೆದೆ. ಅಳಿಸಲು ಆಗಲಿಲ್ಲ. ಅಪ್ಪನ ಬಗ್ಗೆ ನಾನು ಎಲ್ಲಾದರೂ ಅತ್ತದ್ದು ಅಂತಿದ್ದರೆ ಅದೊಂದೇ ಸಾಲಿನಲ್ಲಿ. ನನಗೆ ನನ್ನ ಮೇಲೇ ಸಿಟ್ಟು.

ಅಮೋಲ್ ನಾಳೆ ಪುಣೆಗೆ ಟೂರ್. ಹತ್ತು ದಿನ. ಬೆಳಿಗ್ಗೆ ಅಲ್ಲಿಯ ಯೂನಿಟ್ಟಿನ ಗೇಟಿನಲ್ಲಿ ಫೋನ್ ಒಪ್ಪಿಸಿದರೆ ಸಂಜೆಯೇ ಕೊಡುವುದಂತೆ. ನೆಮ್ಮದಿ.

ಮಾರ್ಚ್ 17. ಭಾನುವಾರ. ಮಧ್ಯಾಹ್ನ 12

ಟೆರೇಸಿನ ಮೇಲೆ ಸಂಡಿಗೆ ಒಣಹಾಕಿದ್ದೆವು. ಅತ್ತೆ ಕೋಲು ಹಿಡಿದು ಕಾಯುತ್ತಿದ್ದರು. ಕಾಗೆ ಬಂದು ನೇರ ಅವರ ನೆತ್ತಿಗೇ ಬಡಿಯಿತು. ಎರಡು ಸಲ.

ತಣ್ಣೀರು ಸುರಿದುಕೊಂಡು, ದೇವರಿಗೆ ದೀಪ ಹಚ್ಚಿ, ಕುರ್ಚಿಯಲ್ಲಿ ಕೂತರು. ಕೈ ನಡುಗುತ್ತಿತ್ತು. ಎಪ್ಪತ್ತಾರು ವರ್ಷದ ಗೋದಾಬಾಯಿ ಯಾವುದಕ್ಕೂ ಹೆದರಿದ್ದು ನಾನು ನೋಡಿಲ್ಲ.

"ಕಾಗಿ ಬಡದ್ರ ಛಲೋ ಅಲ್ಲ. ಸತ್ತ ಸುದ್ದಿ ಕಳಸಬೇಕು. ರಕ್ತಸಂಬಂಧದವರು ಒಬ್ಬರರೆ ಖರೇ ಅಂತ ತಿಳದು ಅಳಬೇಕು. ಆಮ್ಯಾಲ ಸುಳ್ಳು ಅಂತ ಹೇಳಬೇಕು. ಅಂದ್ರ ಕಂಟಕ ಹೋಗತದ."

"ಅತ್ತೀ, ಈಗ ಯಾರ ಇದನ್ನೆಲ್ಲಾ..."

"ಕಲಬುರ್ಗಿ ಸುಮತಿಗೆ ಮುಟ್ಟಿಸು. ನನ್ನ ತಂಗಿ, ಅತ್ತಾಳ ಪಾಪ. ಫೋನ್ಯಾಗ ಹೇಳಿದ್ರ ನಿನ್ನ ದನಿ ಕೇಳಿ ಸುಳ್ಳಂತ ಹಿಡೀತಾಳ. ನಿನ್ನ ಆ ಪೇಜಿನ್ಯಾಗ ಹಾಕು. ಅಕಿ ದಿನಾ ಅದನ್ನ ಓದತಾಳ."

ಯಾವ ಪೇಜು ಎಂದೆ.

"ಅರ್ಧಾ ಬೈಗಳಾ ನನ್ನವ ಇರತಾವ ಅದರಾಗ. ನಾ ಅಡಗಿಮನ್ಯಾಗ ಅಂದದ್ದು ಮರದಿನಾ ಅಲ್ಲಿ ಬಂದಿರತದ. ನನಗ ಗೊತ್ತಾಗೂದಿಲ್ಲೇನು?" ಆಮೇಲೆ, "ಅಮೋಲಗ ಹೇಳಿಲ್ಲ. ಹೇಳೂದೂ ಇಲ್ಲ," ಎಂದರು.

ಅಂದರೆ ತೊಂಬತ್ತೆರಡನೆಯದನ್ನೂ ಓದಿದ್ದಾರೆ. ಎರಡು ವರ್ಷದಿಂದ ಗೊತ್ತಿದ್ದೂ ನನ್ನ ಕೈಲಿ ಊಟ ಮಾಡಿದ್ದಾರೆ. ಕಣ್ಣು ಎತ್ತಿ ಅವರನ್ನು ನೋಡಲಾಗಲಿಲ್ಲ.

ಮಾರ್ಚ್ 18. ಸೋಮವಾರ. ಬೆಳಿಗ್ಗೆ 5.50

ಬರೆದೆ. ಅತ್ತೆಯದ್ದೇ ಷರತ್ತುಗಳು. ಖರೇ ಹೆಸರಿರಬೇಕು, ಫೋಟೋ ಇರಬೇಕು. ಮೊದಲ ಐದು ಸಾಲು ಸಂಭಾವಿತವಾಗಿ ಪೇಪರಿನ ಹಾಗೆ ಇರಬೇಕು. "ಇಲ್ಲಾಂದ್ರ ಸುಮತಿ ನಂಬೂದಿಲ್ಲ. ಆಮ್ಯಾಲ ಬೇಕಾದ್ದ ಬರಕೊ. ನನ್ನ ಬಿಡಬ್ಯಾಡ."

ಬಿಡಲಿಲ್ಲ. "ಸಂಡಿಗೆ ಕಾಯುತ್ತ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಸಂಡಿಗೆ ಕ್ಷೇಮ. ಸೊಸೆಯ ಸಾರಿಗೆ ಇಪ್ಪತ್ತೆರಡು ವರ್ಷ ಉಪ್ಪು ಕಡಿಮೆ ಎಂದರು, ಒಂದು ದಿನವೂ ತಟ್ಟೆಯಲ್ಲಿ ಬಿಡಲಿಲ್ಲ. ಮಗ ಊಟಕ್ಕೆ ತಡಮಾಡಿದರೆ ಇಡೀ ಓಣಿಗೆ ಕೇಳುವಂತೆ ಬೈದು, ಅವನ ಚಪ್ಪಲಿ ಸದ್ದಾದ ಕೂಡಲೇ ತುಪ್ಪ ಕಾಯಿಸಲು ಇಡುತ್ತಿದ್ದರು."

ಓದಿ ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಫೋಟೋ ಕಂಚಿ ಸೀರಿದು ಹಾಕು," ಎಂದರು.

ಮಾರ್ಚ್ 19. ಮಂಗಳವಾರ. ಸಂಜೆ

ಬೆಳಿಗ್ಗೆ ಹಾಕಿದ್ದೆ. ಸಂಜೆ ಐದಕ್ಕೆ ಸುಮತಿ ಚಿಕ್ಕಮ್ಮನ ಫೋನ್. ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂದು ಇಟ್ಟುಬಿಟ್ಟರು.

"ಉರಿಯಪ್ಪನ ಪೇಜಿನ್ಯಾಗ ಬಂದ್ರ ಯಾರ ಅಳತಾರ ಅಕ್ಕಾ? ಅಲ್ಲಿ ಸತ್ತವರೆಲ್ಲಾ ಗಟ್ಟಿಮುಟ್ಟ ಇರತಾರ!"

ಅತ್ತೆ ಸಪ್ಪಗಾದರು. "ಒಬ್ಬರೂ ಅಳಲಿಲ್ಲೇನ?" ಎಂದು ಎರಡು ಸಲ ಕೇಳಿದರು. ರಾತ್ರಿ ಊಟ ಬೇಡ ಅಂದಿದ್ದಾರೆ.

ಮೂರು ವರ್ಷ ಇದ್ದವರನ್ನೆಲ್ಲ ಸಾಯಿಸಿ ನಗಿಸಿದ್ದಕ್ಕೆ ಇದು ಫಲ. ಒಂದು ಸುಳ್ಳು ನಂಬಿಸಬೇಕಾದ ದಿನ ನನ್ನ ಮಾತಿಗೆ ಬೆಲೆಯಿಲ್ಲ. ಕಾಗೆಯ ಮಾತು ನಾನು ನಂಬುವುದಿಲ್ಲ. ಅತ್ತೆಯ ನಡುಗುವ ಕೈ ನಂಬುತ್ತೇನೆ.

ಮಾರ್ಚ್ 21. ಗುರುವಾರ. ಬೆಳಿಗ್ಗೆ 9

ಲೈಬ್ರರಿಗೆ ಹೋಗಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಆರೂವರೆಗೆ ಬೆಲ್. ಅಮೋಲ್. ಕೈಯಲ್ಲಿ ಚೀಲವೂ ಇಲ್ಲ. ಗಡ್ಡ, ಕೆಂಪು ಕಣ್ಣು, ಶರ್ಟಿನ ಗುಂಡಿ ಮೇಲೆ ಕೆಳಗೆ. ನನ್ನನ್ನು ದಾಟಿ ಒಳಗೆ ಬಂದರು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ಅಮೋಲ್ ಬಾಗಿಲಲ್ಲೇ ಕುಸಿದರು. ಐವತ್ತು ವರ್ಷದ ಮನುಷ್ಯ. "ಅವ್ವಾ... ಅವ್ವಾ..." ಅಷ್ಟೇ.

ಆದದ್ದು ಇಷ್ಟು. ಗೆಳೆಯ ಶಿವಪ್ರಕಾಶರಿಗೆ ಯಾರೋ ಆ ಲಿಂಕ್ ಕಳಿಸಿದ್ದರು. ಅವರು ಫೋಟೋ ಮತ್ತು ಮೊದಲ ಐದು ಸಾಲು ನೋಡಿದವರೇ, ಅಷ್ಟರದ್ದೇ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. 'ನಮ್ಮ ಅಮೋಲನ ತಾಯಿಯವರು...' ನಿನ್ನೆ ಸಂಜೆ ಗೇಟಿನಲ್ಲಿ ಫೋನ್ ಅಮೋಲ್ ಕೈಗೆ ಬರುವಷ್ಟರಲ್ಲಿ ಇಪ್ಪತ್ತಾರು 'ಓಂ ಶಾಂತಿ'. ಸಿಕ್ಕ ಬಸ್ಸು ಹತ್ತಿದ್ದಾರೆ.

"ಒಂದು ಫೋನ್ ಮಾಡಬಾರದೇನ್ರೀ?"

"ಕೈಯಾಗ ಹಿಡಕೊಂಡ ಕೂತಿದ್ದೆ. ಹಚ್ಚಿ ಕೇಳಿದ್ರ ನೀ ಹೌದು ಅಂತಿದ್ದಿ. ಧೈರ್ಯ ಆಗ್ಲಿಲ್ಲ."

ಅತ್ತೆ ಮಗನ ಗಲ್ಲ ಹಿಡಿದರು. "ಅತ್ತೇನೋ? ಭಾಳ ಅತ್ತೇನು?"

"ಹೂಂ ಅವ್ವಾ. ಬಸ್ಸಿನ್ಯಾಗ ಎಲ್ಲಾರೂ ನೋಡೂಹಂಗ."

"ಛಲೋ ಆತು. ಕಂಟಕ ಹೋತು." ಮುಖ ಅರಳಿತು. ನಿರಾಳವಾಗಿಬಿಟ್ಟರು, ಆ ನಿರಾಳದಲ್ಲೇ ಬಾಯಿ ಜಾರಿತು. "ಕಾಗಿ ಬಡದಿತ್ತು. ನಾನ ಹೇಳಿ ಬರಸೀನಿ, ಪ್ರಿಯಂವದಾನ ಕಡಿಂದ, ಅಕಿ ಉರಿಯಪ್ಪನ ಪೇಜಿನ್ಯಾಗ. ಎಷ್ಟ ಛಂದ ಬರದಾಳ ಅಂತೀ!"

ಮೂರು ವರ್ಷದ ಗುಟ್ಟು. ಅಮೋಲ್ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಸ್ನಾನಕ್ಕ ನೀರ ಕಾದಾವೇನು?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 24. ಭಾನುವಾರ

ಅಮೋಲ್ ಪತ್ತೆ ಸಮಿತಿಯ ವರದಿ ಒಪ್ಪಿಸಿದರು. ಒಂದೇ ಸಾಲು: 'ಸುಳಿವು ಸಿಕ್ಕಿಲ್ಲ.' ಬಸವಲಿಂಗಪ್ಪನವರ ಮುಂದೆ ಕಣ್ಣು ಪಿಳುಕಿಸದೆ ಓದಿದರು. ಹುಟ್ಟಾ ಸುಳ್ಳು ಹೇಳದ ಮನುಷ್ಯ.

ಆದರೆ ಈ ಬಗ್ಗೆ ನನ್ನ ಜೊತೆ ಒಂದು ಮಾತೂ ಇಲ್ಲ. 'ರಂಜಕ'ವನ್ನು ಮೊದಲನೆಯದರಿಂದ ಓದಲು ಶುರು ಮಾಡಿದ್ದಾರೆ. ಕ್ವಾಲಿಟಿ ಸೆಕ್ಷನ್ ರೀತಿ, ಸಾಲಾಗಿ, ಒಂದೂ ಬಿಡದೆ. ಹಾಲ್‌ನಲ್ಲಿ ಕೂತು ಓದುತ್ತಾರೆ, ಆಗಾಗ ಜೋರಾಗಿ ನಗುತ್ತಾರೆ. ಅಡುಗೆಮನೆಯಲ್ಲಿ ನಾನು ಲೆಕ್ಕ ಹಾಕುತ್ತೇನೆ. ಇವತ್ತು ಐವತ್ತೊಂದಕ್ಕೆ ಬಂದಿದ್ದಾರೆ.

ಈಗಲೂ ಅಳಿಸಬಹುದು. ಎರಡು ಸಲ ಒತ್ತಿದರೆ ಮುಗಿಯಿತು. ಮಾಡುವುದಿಲ್ಲ. ಓದಲಿ.

ಮಾರ್ಚ್ 27. ಬುಧವಾರ. ಸಂಜೆ 6.15

ಐದೂವರೆಗೆ ಹಾಲ್‌ನಲ್ಲಿ ನಗು ನಿಂತಿತು.

ಹಿಟ್ಟು ನಾದುತ್ತಿದ್ದೆ. ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಫೋನ್.

"ನಾ ಇದನ್ನ ನಿನಗ ಓದಿ ಹೇಳಿ ನಕ್ಕಿದ್ದೆ."

"ಹೂಂ."

"ನೀನೂ ನಕ್ಕಿದ್ದಿ."

"ನಗಲಿಲ್ಲರೀ. ನೀವು ನೋಡಲಿಲ್ಲ."

ಒಳಗೆ ಬಂದು ಹಿಟ್ಟಿನ ಡಬ್ಬಿಯ ಪಕ್ಕ ಕೂತರು. "ಪುಣೇದಿಂದ ಹನ್ನೊಂದ ತಾಸು. ಮುಖಾ ನೋಡಾಕ ಸಿಗತದೋ ಇಲ್ಲೋ, ಇದೊಂದ ಗುಂಗು. ಡ್ರೈವರ್ ಚಹಾಕ್ಕ ನಿಲ್ಲಿಸಿದ್ರ ಅವನ ಮ್ಯಾಲ ಕೂಗಾಡಿದೆ. ನೀ ಅವತ್ತ ಇಡೀ ರಾತ್ರಿ ಚೀಲಾ ಹಿಡಕೊಂಡ ಕೂತಿದ್ದಿ. ನಾ ಮಲಗಿದ್ದೆ, ಪ್ರಿಯಾ."

ಕೈ ಹಿಟ್ಟು. ಇಬ್ಬರೂ ಅತ್ತೆವು. ಅತ್ತೆ ಹೊರಗಿನಿಂದ ಟಿವಿ ದನಿ ಏರಿಸಿದರು.

"ಮಾವನವರ ಬಗ್ಗೆ ಬರದಿಲ್ಲ ನೀ. ಈಗ ಬರಿ, ಉರಿಯಪ್ಪನ ಹೆಸರಿಲೆ ಅಲ್ಲ, ನಿನ್ನ ಹೆಸರಿಲೆ. ನಾ ಮಾಡಿದ್ದೂ ಬರಿ, ನನ್ನ ಹೆಸರ ಹಾಕಿ ಬರಿ. ನಾ ಇಲ್ಲೇ ಕೂತಿರತೀನಿ."

ಕೂತಿದ್ದಾರೆ. ಎದುರಿನ ಕುರ್ಚಿ. ಸಂಜೆ ಹೊತ್ತು, ಹಾಲ್‌ನಲ್ಲಿ, ಅವರ ಎದುರಿಗೇ ಬರೆಯುತ್ತಿರುವುದು ಇದೇ ಮೊದಲು.

ನರ್ಸ್ ನನಗೆ ಒಬ್ಬಳಿಗೇ ಹೇಳಿದ್ದು ಒಂದಿದೆ. ಅಪ್ಪ ಅವತ್ತು ಸಂಜೆಯಿಂದ ಬಾಗಿಲ ಕಡೆ ಮುಖ ಮಾಡಿ ಮಲಗಿಸಿ ಎಂದು ಹಟ ಹಿಡಿದಿದ್ದರಂತೆ, ನಾವು ಬರುವುದು ಕಾಣಲಿ ಎಂದು. ಇದನ್ನು ಅಮೋಲ್‌ಗೆ ಇವತ್ತಿನವರೆಗೂ ಹೇಳಿಲ್ಲ. ಈಗ ತಲೆ ಎತ್ತಿ ಅವರಿಗೆ ಹೇಳುತ್ತೇನೆ.