ಖಾಲಿ ಸಾಲಿನಲ್ಲಿ ಕೆಂಪು ಗುರುತು

17 ಆಗಸ್ಟ್ 2004, ಮಂಗಳವಾರ. ಜಯನಗರ.

ಬೆಳಗ್ಗೆಯಿಂದ ಆ ಕೆಂಪು ಗುರುತೇ ಕಣ್ಣ ಮುಂದೆ. ಪ್ರೋಗ್ರಾಂ ಬರೆದು ಎಲ್ಲರಿಗೂ ಪುಕ್ಕಟೆ ಹಂಚುವ ನಮ್ಮ ಓಪನ್ ಸೋರ್ಸ್ ಗುಂಪಿನ ವೆಬ್ ಪುಟದಲ್ಲಿ ಯಾರ ಪ್ಯಾಕೇಜಿನಲ್ಲಿ, ಅಂದರೆ ಯಾರು ಬರೆದ ಪ್ರೋಗ್ರಾಂನಲ್ಲಿ, ಏನು ದೋಷವಿದೆ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ನನ್ನ ಪಂಚಾಂಗದ ಪ್ಯಾಕೇಜಿನ ಸಾಲು ಎರಡು ವರ್ಷದಿಂದ ಖಾಲಿ ಇತ್ತು. ಎಷ್ಟು ಜಂಬ ನನಗೆ! ಇವತ್ತು ಅಲ್ಲಿ ಮೊದಲ ದೋಷ ಕೆಂಪು ಗುರುತಾಗಿ ಬಂದು ಕೂತಿದೆ.

ದೋಷ ಬರೆದು ಹಾಕಿದವನು ಹಾಸನದ ಯಾರೋ ವಿಶ್ರುತ್. "ನಿಮ್ಮ ಪ್ರೋಗ್ರಾಂ ನಂಬಿ ನಮ್ಮಜ್ಜಿ ಏಕಾದಶಿ ದಿನ ಊಟ ಮಾಡಿ, ದ್ವಾದಶಿ ದಿನ ಉಪವಾಸ ಕೂತ್ರು ಸಾರ್."

ಸಿಟ್ಟು ಬಂತು. ನನ್ನ ಲೆಕ್ಕವನ್ನೇ ತಪ್ಪು ಅನ್ನುತ್ತಾನಲ್ಲ! ಊಟಕ್ಕೆ ಕೂತಾಗ ವೈಜಯಂತಿಗೆ ಹೇಳಿದರೆ ಹುಳಿ ಬಡಿಸುತ್ತಾ ನಕ್ಕಳು.

"ಅಂತೂ ಯಾರೋ ಒಬ್ರು ಉಪಯೋಗಿಸ್ತಿದಾರಲ್ಲ ರೀ! ಇಷ್ಟು ದಿನ ಯಾರೂ ಮುಟ್ಟೇ ಇರ್ಲಿಲ್ಲ, ತಪ್ಪು ಎಲ್ಲಿಂದ ಸಿಗುತ್ತೆ?"

ಉಂಡವನೇ ಎದ್ದು ಲೆಕ್ಕ ನೋಡಿದೆ. ತಪ್ಪು ನನ್ನದೇ. ಕಂಪ್ಯೂಟರಿಗೆ ದಿನ ಶುರುವಾಗುವುದು ಮಧ್ಯರಾತ್ರಿ, ಪಂಚಾಂಗಕ್ಕೆ ಸೂರ್ಯೋದಯದಲ್ಲಿ. ನಾನು ಮಧ್ಯರಾತ್ರಿಯ ತಿಥಿ ಹಿಡಿದಿದ್ದೆ; ಅದಕ್ಕೇ ಏಕಾದಶಿ ಒಂದು ದಿನ ಮುಂದಕ್ಕೆ ಹೋಗಿತ್ತು.

ಕ್ಷಮೆ ಕೇಳಿ ಬರೆದೆ. ಕೂಡಲೇ ಉತ್ತರ ಬಂತು. "ಅಜ್ಜಿಗೆ ಬೇಜಾರಿಲ್ಲ ಸಾರ್. ಅಚ್ಚಿನ ಪಂಚಾಂಗದ ಸಣ್ಣ ಅಕ್ಷರ ಅವರಿಗೆ ಕಾಣಲ್ಲ, ಕಂಪ್ಯೂಟರಲ್ಲಿ ದೊಡ್ಡದು ಮಾಡಿ ತೋರಿಸ್ತೀನಿ. ಮುಂದಿನ ಏಕಾದಶಿಗೂ ನಿಮ್ದನ್ನೇ ನೋಡ್ತಾರಂತೆ."

ನನ್ನನ್ನು ನಂಬಿ ಒಬ್ಬರು ಇಡೀ ದಿನ ಹಸಿದಿದ್ದರು. ಮುಖ ಕಾಣದ ಆ ಅಜ್ಜಿಗೆ ಹೇಗೆ ಕೈ ಮುಗಿಯಲಿ?

ನಿದ್ದೆ ಎಳೆಯುತ್ತಿದೆ. ನಾಳೆ ಎದ್ದ ಕೂಡಲೇ ಸರಿ ಮಾಡಬೇಕು. ಇವತ್ತೊಂದು ರಾತ್ರಿ ಆ ಕೆಂಪು ಗುರುತು ಅಲ್ಲೇ ಇರಲಿ.