ಕೇಳಿಯೇ ಬಂದದ್ದು

ಕುಲಶೇಖರ,
೧೪-೧೦-೧೯೩೬

ಪ್ರೀತಿಯ ಅಮ್ಮನಿಗೆ ಹೇಮಾಕ್ಷಿಯ ನಮಸ್ಕಾರ.

ಮೊದಲು ಸಮಾಧಾನದ ಮಾತು: ನಿಮ್ಮ ಮೊಮ್ಮಗಳು ದೇಯಿಯ ಕಿವಿ ಉಳಿಯಿತು. ಜ್ವರ ಬಿಟ್ಟ ಮೇಲೂ ಎಡಕಿವಿ ಸೋರುತ್ತಿತ್ತಲ್ಲ, ಅದು ಪೂರಾ ಕಿವುಡಾಗಿರಬಹುದೆಂದು ಲೇಡಿ ಡಾಕ್ಟರು ಕಳೆದ ಸಲವೇ ಅಂದಿದ್ದರು. ನಿಮಗೆ ಬರೆಯಲು ಮನಸ್ಸಾಗಲಿಲ್ಲ.

ನಿನ್ನೆ ಪರೀಕ್ಷೆ. ನಾಲ್ಕು ವರ್ಷದ ಈ ರಾಣಿ ತನ್ನ ಕಿವಿ ತೋರಿಸಬೇಕಾದರೆ ಮೊದಲು ಡಾಕ್ಟರ ಕಿವಿ ನೋಡಬೇಕಂತೆ! ಗದರಿದೆ, ಬೆಲ್ಲ ತೋರಿಸಿದೆ, ಜಗ್ಗಲಿಲ್ಲ. ಕಡೆಗೆ ಆ ಮಹಾತಾಯಿ ಓಲೆ ಬಿಚ್ಚಿ, ಬಗ್ಗಿ, ಕಿವಿ ನೋಡುವ ಕೊಳವೆಯನ್ನು ಇವಳ ಕೈಗೇ ಕೊಟ್ಟರು. ದೇಯಿ ಬಹಳ ಹೊತ್ತು ಇಣುಕಿ, ಒಳಗೆ ಎಂತದೂ ಇಲ್ಲ ಎಂದು ತೀರ್ಪು ಕೊಟ್ಟು, ತಾನಾಗಿ ಸ್ಟೂಲು ಹತ್ತಿದಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಡಾಕ್ಟರು ಬಳ್ಳಾರಿ ಕಡೆಯವರು, ತುಳು ಬಾರದು. ತಾನು ಬೆನ್ನ ಹಿಂದೆ ನಿಂತು 'ಬಲ' ಎಂದು ಪಿಸುಗುಟ್ಟಿದರೆ ಬಲಗೈ ಎತ್ತಬೇಕು, 'ಎಡ' ಎಂದರೆ ಎಡಗೈ ಎಂದು ಕನ್ನಡದಲ್ಲಿ ಹೇಳಿಕೊಟ್ಟರು. ಇವಳು ದೊಡ್ಡದಾಗಿ ತಲೆಯಾಡಿಸಿದಳು. ನರ್ಸ್ ಡುಲ್ಸಿನ್ ಒಳ್ಳೆಯ ಕಿವಿಯನ್ನು ಒತ್ತಿ ಮುಚ್ಚಿದರು. ಡಾಕ್ಟರು ಮೆಲ್ಲಗೆ 'ಬಲ' ಎಂದರು.

ಕೈ ಏಳಲಿಲ್ಲ. ಕಿವಿ ಹೋಯಿತೆಂದೇ ಎಣಿಸಿದೆ. ದೇಯಿ ನರ್ಸಮ್ಮನ ಕೈಯಿಂದ ಕೊಸರಿಕೊಂಡು, ಸ್ಟೂಲಿನಿಂದ ಇಳಿದು, ನೆಟ್ಟಗೆ ಡಾಕ್ಟರ ಎದುರು ಹೋಗಿ ನಿಂತಳು. "ಈ ಹುಡುಗಿ ಹೇಳಿದ ಮಾತೇ ಕೇಳಲ್ಲ ನೋಡ್ರಿ" ಎಂದು ಅವರು ನಿಟ್ಟುಸಿರಿಟ್ಟರು.

"ಕೇಳ್ತದೆ ಡಾಕ್ಟ್ರೇ, ಕೇಳಿಯೇ ಬಂದದ್ದು!" ಎಂದು ಕೂಗಿಯೇ ಬಿಟ್ಟೆ. ನಮ್ಮ ತುಳುವಿನಲ್ಲಿ 'ಬಲ' ಎಂದರೆ 'ಬಾ' ಎಂದಲ್ಲವೇ ಅಮ್ಮ? ಕನ್ನಡದ 'ಬಲ' ಇವಳಿಗೆ ತಿಳಿಯದು, ಬಲಗೈ ಇನ್ನೂ ಉಣ್ಣುವ ಕೈ. ಡುಲ್ಸಿನ್ ಬಿದ್ದು ಬಿದ್ದು ನಕ್ಕರು. ಡಾಕ್ಟರು ನಂಬದೆ, ಮತ್ತೆ ಒಳ್ಳೆಯ ಕಿವಿ ಮುಚ್ಚಿಸಿ, ಬಾಗಿಲ ಹತ್ತಿರ ನಿಂತು ಇನ್ನೂ ಮೆಲ್ಲಗೆ ಕರೆದರು. ಎಷ್ಟು ಸಲ ಕರೆಯುವುದೆಂದು ಸಿಡುಕುತ್ತ ಅಲ್ಲಿಗೂ ಹೋದಳು. ಮನೆಯಲ್ಲಿ ನನ್ನ ಗಂಟಲು ಹರಿದರೂ ಬಾರದವಳು! ನಾನು ಅಲ್ಲೇ ಅತ್ತುಬಿಟ್ಟೆ.

ಸೋರುವುದು ನಿಲ್ಲುವ ತನಕ ಕಿವಿಗೆ ಮದ್ದು ಬಿಡಬೇಕಂತೆ, ಅಷ್ಟೆ.

ನಿಮ್ಮ ಮಗಳು,
ಹೇಮಾಕ್ಷಿ

ತಾ.ಕ.: ಇಲ್ಲಿಂದ ನಿಮ್ಮ ಪಡೀಲು ಎಷ್ಟು ದೂರ, ಬಂದೇ ಹೇಳಬಹುದಿತ್ತು. ಆದರೆ ಈಚೆಗೆ ನಾನು ಏನು ಹೇಳಿದರೂ ನೀವು ಕೇಳಿಸದೆಯೇ ಹೂಂ ಎಂದು ನಗುತ್ತೀರಿ. ನನಗೆ ಗೊತ್ತುಂಟು ಅಮ್ಮ. ಅಜ್ಜಿಯನ್ನೂ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕು, ಹಿಂದೆ ನಿಂತು ತಾನೇ 'ಬಲ' ಎನ್ನಬೇಕು ಎಂದು ದೇಯಿ ಹಟ ಹಿಡಿದು ಕೂತಿದ್ದಾಳೆ. ಬನ್ನಿ.