ವೆಲ್ವೆಟ್ ಬ್ಯಾಡ್ಜಿನ ಗೆಳೆತನ

ಜುಲೈ 6, ಶನಿವಾರ. ಸಂಜೆ

ಪರದೆ ಅಂಗಡಿಯ ಷಟರ್ ಎಳೆದು ಮಹಡಿ ಹತ್ತಿದೆ. ಹುಡುಗಿಯರ ಬಳಗ ಆಗಲೇ ನನ್ನ ಬಟ್ಟೆ ಸುರುಳಿಗಳ ಮೇಲೆ ಕುಳಿತಿತ್ತು. ಬಳಗಕ್ಕೆ ನಾನು ಲೀಡರ್ ಆಂಟಿ. ಅರ್ಹತೆ ಎರಡು — ಖಾಲಿ ಮಹಡಿ, ಖಾಲಿಯಾಗದ ಬಾಯಿ.

ಬಳಗ ನಡೆಸುವ ಸಂಸ್ಥೆಯ ಮೇಲಿನವರ ಸೂಚನೆ: ಈ ಸಲದ ವಿಷಯ ‘ಎಲ್ಲರೂ ನಮ್ಮವರೇ’. ಭಾಷಣ ಮಾಡಿದರೆ ಆಕಳಿಸುತ್ತವೆ. ಮನೆ ಮನೆಗೆ ಬಾಚಣಿಗೆ ಹೊತ್ತು ಮಾರಿ ಮೇಲೆ ಬಂದವಳಿಗೆ ಇಷ್ಟು ಗೊತ್ತು — ಸರಕು ಹೋಗದಿದ್ದರೆ ಜೊತೆಗೆ ಏನಾದರೂ ಫ್ರೀ ಕೊಡಬೇಕು. ವೆಲ್ವೆಟ್ ತುಂಡಿನಲ್ಲಿ ಬ್ಯಾಡ್ಜ್ ಹೊಲಿಸುತ್ತೇನೆ ಎಂದೆ. ತನಗಿಂತ ಬೇರೆ ಥರದವಳ ಗೆಳೆತನ ಮಾಡಿದವಳಿಗೆ ಒಂದು.

ಅಷ್ಟೂ ಕಣ್ಣು ಒಟ್ಟಿಗೆ ಮೂಲೆಗೆ ಹೋದವು. ಅಲ್ಲಿ ಹೊಸಬಳು. ಹೋದ ವಾರ ಸೇರಿದವಳು, ಕಿವಿಗೆ ಮೆಷಿನ್ ಹಾಕಿಕೊಳ್ಳುವವಳು.

ಅಲ್ಲ, ಈ ಗುಂಪಿನಲ್ಲಿ ಕಾರಿನ ಮಾಲೀಕನ ಮಗಳಿದ್ದಾಳೆ, ಅದೇ ಕಾರಿನ ಡ್ರೈವರನ ಮಗಳೂ ಇದ್ದಾಳೆ. ಒಬ್ಬಳ ಮನೆಮಾತು ಬೇರೆ, ಇನ್ನೊಬ್ಬಳ ಪ್ರಾರ್ಥನೆ ಬೇರೆ. ಅದೊಂದೂ ಕಾಣಲಿಲ್ಲ. ಮೆಷಿನ್ ಕಂಡಿತು. ಆಗಲೇ ಬಾಯಿ ಬಿಡಬೇಕಿತ್ತು... ಬ್ಯಾಡ್ಜಿಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದೆ.

ಜುಲೈ 13, ಶನಿವಾರ

ನೂಕುನುಗ್ಗಲು. ಒಬ್ಬಳು ಹೊಸಬಳಿಗೆ ಜಡೆ ಹಾಕಿದಳು. ಇನ್ನೊಬ್ಬಳು ಬಿಚ್ಚಿ, ಮತ್ತೆ ಹಾಕಿದಳು. ಮಾಲೀಕನ ಮಗಳು ಅವಳ ಕಿವಿಯ ಹತ್ತಿರವೇ ಹೋಗಿ, ಬೀದಿಗೆಲ್ಲ ಕೇಳುವಂತೆ —

“ನಾವಿಬ್ರೂ ಫ್ರೆಂಡ್ಸ್, ಆಯ್ತಾ?”

“ಕೇಳ್ಸುತ್ತೆ. ಕಿರುಚ್ಬೇಡ,” ಎಂದಳು ಹೊಸಬಳು.

“ನೋಡಿ ಆಂಟಿ, ಮಾತಾಡಿದ್ಲು! ಬರ್ಕೊಳ್ಳಿ!”

“ಅದು ಬೈದಿದ್ದು ಕಣೇ,” ಎಂದಳು ಡ್ರೈವರನ ಮಗಳು. “ಲೆಕ್ಕಕ್ಕಿಲ್ಲ.”

ಸ್ವಲ್ಪ ಹೊತ್ತಿಗೆ ಹೊಸಬಳ ಕೈ ಕಿವಿಯ ಹಿಂದೆ ಹೋಯಿತು. ಮೆಷಿನ್ ಆಫ್. ಮುಖದಲ್ಲಿ ಎಂಥ ನೆಮ್ಮದಿ! ಚೌಕಾಸಿ ಗಿರಾಕಿಗಳ ಮುಂದೆ ಕೂರುವಾಗ ನನಗೂ ಅಂಥದ್ದೊಂದು ಇದ್ದಿದ್ದರೆ ಎನ್ನಿಸಿತು.

ಜುಲೈ 14, ಭಾನುವಾರ

ಹೊಸಬಳ ತಾಯಿ ಬಂದಿದ್ದಳು. ನರ್ಸು. ಡ್ಯೂಟಿ ಮುಗಿಸಿ ನೇರ ಇಲ್ಲಿಗೇ.

“ಮೊದಲಿದ್ದ ಕಡೆ ಯಾರೂ ಮಾತಾಡಿಸ್ತಿರ್ಲಿಲ್ಲ ಅಂತ ಅಳೋಳು ಅಕ್ಕಾ. ಇಲ್ಲಿ ಯಾರೂ ಬಿಡೋದೇ ಇಲ್ಲ ಅಂತ ಅಳ್ತಾಳೆ. ಇವೆರಡರ ಮಧ್ಯದ್ದು ಯಾವುದೂ ಇರಲ್ವೇನಮ್ಮ ಅಂತ ಕೇಳಿದ್ಲು. ಏನ್ ಹೇಳ್ಲಿ?”

ಕಿಟಕಿಯೇ ಇಲ್ಲದ ಗೋಡೆಗೆ ಪರದೆ ಮಾರಿದ ಬಾಯಿ ನನ್ನದು. ಅದರಿಂದ ಹೊರಟದ್ದು ಇಷ್ಟೇ —

“ಇನ್ನೊಂದು ಶನಿವಾರ ಕಳ್ಸಮ್ಮ.”

“ಒಂದೇ. ಆಮೇಲೆ ಕಳ್ಸಲ್ಲ.”

ಜುಲೈ 20, ಶನಿವಾರ

ಬ್ಯಾಡ್ಜ್ ರದ್ದು ಎಂದೆ. ದೊಂಬಿ. ಜಡೆ ಹಾಕಿದ್ದವಳು ಕೂಲಿ ಕೇಳುವುದೊಂದು ಬಾಕಿ. ಆಮೇಲೆ ಇನ್ನೂ ಕೆಟ್ಟದ್ದು — ಹೊಸಬಳ ಹತ್ತಿರ ಒಬ್ಬಳೂ ಸುಳಿಯಲಿಲ್ಲ. ಸೇಲ್ ಮುಗಿದ ಮರುದಿನದ ಅಂಗಡಿಯ ಹಾಗೆ ಕುಳಿತಿತ್ತು ಮಗು. ಬಾಣಲೆಯಿಂದ ಬೆಂಕಿಗೆ ನೂಕಿದ್ದು ನಾನೇ.

ಆಗ ಲಾಯರಮ್ಮ ಚೆಸ್ ಹಲಗೆ ತಂದು ಅವಳ ಮುಂದೆ ಇಟ್ಟಳು. ಲಾಯರಮ್ಮ ಎಂದರೆ ನಮ್ಮ ಗುಂಪಿನ ಜಗಳಗಂಟಿ. ಅವಳ ಜೊತೆ ಯಾರೂ ಆಡುವುದಿಲ್ಲ. ಮೊದಲು ಒಳ್ಳೆಯದೇ ನಡೆಯಿತು. ನಂತರ ಲಾಯರಮ್ಮ ಸಿಡಿದಳು —

“ಆನೆ ಮುಟ್ಟಿದೆ! ಆನೇನೇ ನಡೆಸು!”

“ಸರಿಯಾಗಿ ನಿಲ್ಸಿದೆ ಅಷ್ಟೇ.”

“ಸುಳ್ಳಿ! ಮೋಸಗಾರ್ತಿ!”

ಮಾಲೀಕನ ಮಗಳು ಓಡಿ ಬಂದಳು. “ಏ, ಅವಳಿಗೆ ಹಾಗೆಲ್ಲ ಅನ್ಬಾರ್ದು ಕಣೇ. ಪಾಪ!”

“ಏನ್ ಪಾಪ? ಮೋಸ ಮಾಡಿದ್ದು ಕೈ, ಕಿವಿ ಅಲ್ಲ!”

ಹೋಯಿತು, ಎಂದುಕೊಂಡೆ. ಈಗ ಅಳುತ್ತಾಳೆ, ಇನ್ನು ಬರುವುದಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟೆ. ಹೊಸಬಳ ಮುಖ ಟೊಮ್ಯಾಟೊ ಆಗಿತ್ತು.

“ನೀನು ಮೋಸಗಾರ್ತಿ! ಆಗ್ಲೇ ಕುದುರೇನ ನೆಟ್ಟಗೆ ನಡೆಸ್ದೆ. ನಾನು ನೋಡಿದೆ. ಸುಮ್ನಿದ್ದೆ!”

“ಯಾಕ್ ಸುಮ್ನಿದ್ದೆ?”

“ನಿನ್ ಜೊತೆ ಯಾರೂ ಆಡಲ್ವಲ್ಲ... ಪಾಪ ಅಂತ!”

ಲಾಯರಮ್ಮ ತಾನಾಗಿಯೇ ಕುದುರೆಯನ್ನು ಹಿಂದಕ್ಕೆ ಇಟ್ಟಳು. ನಾನು ಕಂಡಂತೆ ಇದೇ ಮೊದಲು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಇಬ್ಬರಿಗೆ ಜಗಳ ಬಿಟ್ಟರೆ ಮಾತಿಲ್ಲ. ಅಲ್ಲಿಂದ ಒಂದು ಕಾಯಿಗೆ ಒಂದು ವ್ಯಾಜ್ಯ.

ನರ್ಸಮ್ಮ ಬಂದು ಬಾಗಿಲಲ್ಲಿ ನಿಂತಳು. “ಹೋಗೋಣ್ವಾ?”

“ಇನ್ನೂ ಮುಗ್ದಿಲ್ಲ.”

“ಮತ್ತೆ... ಮುಂದಿನ ವಾರ?”

ಹೊಸಬಳು ಹಲಗೆಯಿಂದ ತಲೆ ಎತ್ತಲಿಲ್ಲ. “ಅಷ್ಟು ದಿನ ಬಿಟ್ರೆ ಇವ್ಳು ಕಾಯಿ ಬದಲಾಯಿಸ್ತಾಳೆ. ನಾಳೆ ಬೆಳಿಗ್ಗೆನೇ.”

ನರ್ಸಮ್ಮ ನನ್ನ ಮುಖ ನೋಡಿದಳು. ನಾನು ಪರದೆಗಳ ಕಡೆ ನೋಡಿದೆ. ಧೂಳು, ಕಣ್ಣಿಗೆ.

ಇಳಿಯುವಾಗ ಲಾಯರಮ್ಮ ಬೆರಳು ತೋರಿಸಿ ಹೇಳಿದಳು — “ಆಂಟಿ, ಹಲಗೆ ಹೀಗೇ ಇರ್ಬೇಕು. ನಿಮ್ಮ ಜವಾಬ್ದಾರಿ.”

ಜುಲೈ 21, ಭಾನುವಾರ. ಬೆಳಿಗ್ಗೆ

ರಜೆಯ ದಿನವೂ ಗಿರಾಕಿ ಬಿಡಬೇಕೆ? ನೀಲಿ ಸುರುಳಿ ಬೇಕೆಂದ. ಮಹಡಿಗೆ ಹೋಗಿ ಎಳೆದೆ. ಅದರ ತುದಿ ಹಲಗೆಗೆ ತಾಗಿತು. ಹೆಚ್ಚೇನಿಲ್ಲ, ಬಿದ್ದದ್ದು ಆನೆ ಒಂದೇ.

ಆನೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದೇನೆ. ಗಿರಾಕಿ ಕಾದು ಕಾದು ಹೋದ. ಎಲ್ಲಿತ್ತು ಇದು? ಮಂತ್ರಿಯ ಪಕ್ಕದಲ್ಲೋ, ಮೂಲೆಯಲ್ಲೋ... ಬಿಳಿ ಮನೆ ಇರಬೇಕು. ಅಲ್ಲ, ಕಪ್ಪು. ಸುಮ್ಮನೆ ಎಲ್ಲಾದರೂ ಇಟ್ಟುಬಿಟ್ಟರೆ —

ಮೆಟ್ಟಿಲ ಮೇಲೆ ಸದ್ದು. ಇಬ್ಬರೂ ಒಟ್ಟಿಗೆ ನಗುತ್ತ ಹತ್ತಿ ಬರುತ್ತಿದ್ದಾರೆ. ಆನೆ ಇನ್ನೂ ನನ್ನ ಕೈಯಲ್ಲೇ ಇದೆ.